ಖಾಲಿ ಪಾತ್ರೆ ಕೊಟ್ಟ ನೆರೆಯವರು
ಯೌವನಸ್ಥರ ಕೂಟದ ಪಾಠ. ವಾಕ್ಯಭಾಗ: 2 ಅರಸುಗಳು 4:1-7

ಸತ್ಯವೇದ ತೆಗೆಯಿರಿ. ಫೋನಿನಲ್ಲಿ ಓದುವವರು ಓದಿ, ಪರವಾಗಿಲ್ಲ, ಆದ್ರೆ ಹಾಗೇ ವಾಟ್ಸಾಪ್ ಕಡೆ ಜಾರಬೇಡಿ. ಎರಡನೇ ಅರಸುಗಳು, ನಾಲ್ಕನೇ ಅಧ್ಯಾಯ, ಒಂದರಿಂದ ಏಳನೇ ವಚನದವರೆಗೆ. ಎಲ್ಲರೂ ಒಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಿ.

ಓದಿದಿರಾ? ಈ ಭಾಗದ ಮೇಲೆ ನೀವು ಎಷ್ಟೋ ಪ್ರಸಂಗ ಕೇಳಿರ್ತೀರಿ. ಸಾಮಾನ್ಯವಾಗಿ ನಾವು ಎಣ್ಣೆಯ ಬಗ್ಗೆ ಮಾತಾಡ್ತೀವಿ. ಅಭಿಷೇಕದ ಎಣ್ಣೆ, ಆಶೀರ್ವಾದದ ಎಣ್ಣೆ, ತುಂಬಿ ಹರಿಯುವ ಎಣ್ಣೆ. ಅದೂ ಸರಿಯೇ. ಆದರೆ ಇವತ್ತು ಆ ಇಬ್ಬರು ಹುಡುಗರನ್ನು ನೋಡೋಣ. ಈ ಕಥೆಯಲ್ಲಿ ನಿಜವಾಗಿ ಅಪಾಯದಲ್ಲಿ ಇದ್ದವರು ಅವರೇ. ಅಪ್ಪ ಸತ್ತಿದ್ದಾನೆ. ಸಾಲ ಕೊಟ್ಟವನು ಬಾಗಿಲಿಗೆ ಬರ್ತಿದ್ದಾನೆ. ಹಣ ಇಲ್ಲದಿದ್ದರೆ ಈ ಇಬ್ಬರು ಮಕ್ಕಳನ್ನೇ ದಾಸರನ್ನಾಗಿ ಎಳೆದುಕೊಂಡು ಹೋಗ್ತಾನೆ. ಅಂದರೆ ಅಮ್ಮನಿಂದ ಮಕ್ಕಳು ದೂರವಾಗುವ ಸಮಯ ಬಂದಿದೆ. ಕಾರಣ? ಅಮ್ಮ ಕೆಟ್ಟವಳು ಅಂತ ಅಲ್ಲ. ಕೈಯಲ್ಲಿ ಕಾಸಿಲ್ಲ, ಜೊತೆಯಲ್ಲಿ ಜನ ಇಲ್ಲ. ಅಷ್ಟೇ.

ಪಾಠಕ್ಕೆ ಹೋಗುವ ಮುಂಚೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಇದರಲ್ಲಿ ಬರುವ ಸಹೋದರಿಯ ಅನುಮತಿ ಕೇಳಿಯೇ ಹೇಳ್ತಿದ್ದೀನಿ. ಕೆಲವು ವಿವರ ಬದಲಾಯಿಸಿದ್ದೀನಿ. ಇದು ಯಾರಿರಬಹುದು ಅಂತ ದಯವಿಟ್ಟು ಹುಡುಕಬೇಡಿ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ಆ ಸಹೋದರಿ ನನ್ನ ಹತ್ತಿರ ಬಂದರು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. ಗಂಡನಿಗೆ ಕುಡಿತ. ಸಂಘದ ಸಾಲ, ಪ್ರತಿ ವಾರ ಕಂತು. ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು. ಮಗ ಶಾಲೆ ಬಿಟ್ಟ ಮೇಲೆ ಬೀದಿಯಲ್ಲೇ ಇರ್ತಾನೆ, ದೊಡ್ಡ ಹುಡುಗರ ಜೊತೆ ಸೇರ್ತಿದ್ದಾನೆ, ಹೇಳಿದ ಮಾತು ಕೇಳಲ್ಲ, ನಿನ್ನೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದುಬಿಟ್ಟೆ ಪಾಸ್ಟರ್, ಅಂತ ಅತ್ತರು.

ನಾನು ಏನು ಮಾಡಿದೆ? ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಆಮೇಲೆ ಐದೇ ನಿಮಿಷದಲ್ಲಿ ಪರಿಹಾರವನ್ನೂ ಕೊಟ್ಟುಬಿಟ್ಟೆ. ಹುಡುಗನನ್ನ ಹಾಸ್ಟೆಲ್‌ಗೆ ಹಾಕಿ ಸಿಸ್ಟರ್, ನನಗೆ ಗೊತ್ತಿರೋ ಜಾಗ ಇದೆ, ಬೇರೆ ಜಿಲ್ಲೆ, ಊಟ ಓದು ಎಲ್ಲಾ ಅವರೇ ನೋಡ್ಕೋತಾರೆ. ಬಸ್ ಚಾರ್ಜ್ ಕೂಡ ನಾನೇ ಕೊಟ್ಟೆ. ಆವತ್ತು ರಾತ್ರಿ ನನಗೆ ತುಂಬಾ ಸಮಾಧಾನವಾಗಿತ್ತು. ಒಂದು ಕುಟುಂಬಕ್ಕೆ ಸಹಾಯ ಮಾಡಿದೆ ಅಂದುಕೊಂಡೆ.

ದಸರಾ ರಜೆಗೆ ಹುಡುಗ ಮನೆಗೆ ಬಂದ. ನೋಡೋಕೆ ಹೋದೆ. ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದ. ಬ್ಯಾಗ್ ಒಳಗೆ ಇಡೋ ಅಂದರೆ ಇಡ್ತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನೇ ಕೇಳಿದ: ಪಾಸ್ಟರ್ ಅಂಕಲ್, ತಂಗಿಯನ್ನ ಇಟ್ಕೊಂಡು ನನ್ನನ್ನ ಮಾತ್ರ ಯಾಕೆ ಕಳಿಸಿದ್ರು? ನಾನೇನು ತಪ್ಪು ಮಾಡಿದೆ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದ್ದೀನಿ, ಮೂರು ಪಾಯಿಂಟ್ ಇಟ್ಟು ಪ್ರಸಂಗ ಮಾಡೋದು ಗೊತ್ತು. ಆ ಮಗುವಿಗೆ ಒಂದು ಪಾಯಿಂಟೂ ಹೇಳೋಕೆ ಆಗಲಿಲ್ಲ. ಆಮೇಲೆ ಅವನ ಅಮ್ಮನ ಹತ್ತಿರ ಕೂತು, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: ನಿಮಗೆ ನಿಜವಾಗಿ ಕಷ್ಟ ಆಗ್ತಿರೋದು ಯಾವ ಹೊತ್ತಲ್ಲಿ? ಅವರು ಹೇಳಿದರು: ಶಾಲೆ ಬಿಡೋದು ನಾಲ್ಕಕ್ಕೆ, ನಾನು ಮನೆ ಸೇರೋದು ಏಳಕ್ಕೆ. ಆ ಮೂರು ಗಂಟೆ, ಪಾಸ್ಟರ್.

ಆ ತಾಯಿಗೆ ಬೇಕಾಗಿದ್ದದ್ದು ಮೂರು ಗಂಟೆ. ನಾನು ಮಗನನ್ನೇ ದೂರ ಮಾಡಿಬಿಟ್ಟಿದ್ದೆ.

ಈಗ ವಾಕ್ಯಕ್ಕೆ ಬನ್ನಿ. ಎಲೀಷನು ನನ್ನ ಹಾಗೆ ಮಾಡಲಿಲ್ಲ. ಅವನು ಮಾಡಿದ್ದನ್ನು ಒಂದೊಂದಾಗಿ ನೋಡೋಣ.

1. ಕಷ್ಟ ಬಂದದ್ದು ದೇವಭಕ್ತರ ಮನೆಗೆ

ಒಂದನೇ ವಚನ ನೋಡಿ. ಆಕೆಯ ಗಂಡ ಪ್ರವಾದಿಮಂಡಳಿಗೆ ಸೇರಿದವನು, ಯೆಹೋವನಲ್ಲಿ ಭಯಭಕ್ತಿ ಇದ್ದವನು. ಈಗಿನ ಲೆಕ್ಕದಲ್ಲಿ ಬೈಬಲ್ ಕಾಲೇಜು ಓದಿದವನ ಮನೆ ಅಂದುಕೊಳ್ಳಿ. ಆ ಮನೆಯಲ್ಲೇ ಸಾಲ, ಸಾವು, ಮಕ್ಕಳನ್ನು ಕಳೆದುಕೊಳ್ಳುವ ಭಯ. ಹಾಗಾಗಿ, ನಮ್ಮ ಸಭೆಯಲ್ಲಿ ಅಂಥ ಕುಟುಂಬ ಇಲ್ಲ ಬ್ರದರ್ ಅಂತ ಯಾರೂ ಹೇಳಬೇಡಿ.

ನಮ್ಮಲ್ಲಿ ಸಾಕ್ಷಿ ಹೇಳುವ ಸಮಯದಲ್ಲಿ ಏನು ಕೇಳಿಸುತ್ತೆ? ಕೆಲಸ ಸಿಕ್ಕಿತು, ವೀಸಾ ಬಂತು, ಜ್ವರ ಬಿಟ್ಟಿತು. ದೇವರಿಗೆ ಸ್ತೋತ್ರ. ಆದರೆ, ನಿನ್ನೆ ರಾತ್ರಿ ನನ್ನ ಮಗುವನ್ನ ಕೋಪದಲ್ಲಿ ತಳ್ಳಿಬಿಟ್ಟೆ, ನನಗೇ ನನ್ನ ಮೇಲೆ ಭಯ ಆಗ್ತಿದೆ ಅಂತ ಯಾರಾದರೂ ಹೇಳಿದ್ದಾರಾ? ಹೇಳಲ್ಲ. ನಾಚಿಕೆ. ಇದು ಬಡವರ ಮನೆಯ ವಿಷಯ ಮಾತ್ರವೂ ಅಲ್ಲ. ಅಪಾರ್ಟ್‌ಮೆಂಟಿನಲ್ಲಿ, ಹೆರಿಗೆ ಆಗಿ ಎರಡು ತಿಂಗಳಾದ ತಾಯಿ, ಊರಿನಿಂದ ಅತ್ತೆಯೂ ಬಂದಿಲ್ಲ ಅಮ್ಮನೂ ಬಂದಿಲ್ಲ, ಗಂಡನಿಗೆ ನೈಟ್ ಶಿಫ್ಟ್. ಮಗು ಅಳ್ತಿದೆ, ಅವಳೂ ಅಳ್ತಿದ್ದಾಳೆ. ಆ ಮನೆಯೂ ಇದೇ ಪಟ್ಟಿಯಲ್ಲಿ ಬರುತ್ತೆ. ನಿಮ್ಮಲ್ಲಿ ಕೆಲವರು ಇನ್ನು ಎರಡು ಮೂರು ವರ್ಷದಲ್ಲಿ ಅದೇ ಜಾಗದಲ್ಲಿ ಇರ್ತೀರಿ. ಅದಕ್ಕೇ ಈ ಪಾಠವನ್ನು ನಿಮಗೆ ಕೊಡ್ತಿರೋದು.

ಆ ವಿಧವೆ ಕೂಗಿಕೊಂಡಳು. ಕೂಗಬಹುದಾದ ಒಂದು ಜಾಗ ಅವಳಿಗಿತ್ತು. ನಮ್ಮ ಸಭೆ ಅಂಥ ಜಾಗವಾಗಿದೆಯಾ? ಯೋಚನೆ ಮಾಡಿ.

2. ಎಲೀಷನು ಬುದ್ಧಿ ಹೇಳುವ ಮೊದಲು ಕೇಳಿದನು

ಎರಡನೇ ವಚನದಲ್ಲಿ ಎರಡು ಪ್ರಶ್ನೆ ಇವೆ. ನಿನಗಾಗಿ ನಾನೇನು ಮಾಡಲಿ ಅನ್ನುವುದು ಒಂದು. ನಿನ್ನ ಮನೆಯಲ್ಲಿ ಏನಿದೆ ಅನ್ನುವುದು ಇನ್ನೊಂದು. ಸಾಲ ಯಾಕೆ ಮಾಡಿದಿರಿ ಅಂತ ಕೇಳಲಿಲ್ಲ. ನಿಮ್ಮ ಗಂಡ ಉಳಿತಾಯ ಮಾಡಬಾರದಿತ್ತಾ ಅಂತ ಕೇಳಲಿಲ್ಲ. ಏನಿದೆ ಅಂತ ಕೇಳಿದ. ಆಕೆ ಮೊದಲು ಏನೂ ಇಲ್ಲ ಅಂತಾಳೆ, ಆಮೇಲೆ ಸ್ವಲ್ಪ ಎಣ್ಣೆ ಇದೆ ಅಂತಾಳೆ.

ಕಷ್ಟದಲ್ಲಿರುವ ತಂದೆತಾಯಿ ಹಾಗೇ ಮಾತಾಡ್ತಾರೆ. ನನ್ನ ಹತ್ತಿರ ಏನೂ ಇಲ್ಲ ಅಂತಾರೆ. ಆದರೆ ಕೂತು ಕೇಳಿದರೆ ಎಣ್ಣೆ ಇರುತ್ತೆ. ನಮ್ಮ ಆ ಸಹೋದರಿ ಮಗನನ್ನು ಹೊಡೆದರು ನಿಜ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಅವನಿಗೆ ಬುತ್ತಿ ಕಟ್ಟುತ್ತಿದ್ದವರೂ ಅವರೇ, ರಾತ್ರಿ ಕಣ್ಣು ಮುಚ್ಚಿಹೋಗುವಷ್ಟು ನಿದ್ದೆ ಬಂದರೂ ಮಕ್ಕಳ ಪಕ್ಕ ಕೂತು ಪ್ರಾರ್ಥನೆ ಮಾಡ್ತಿದ್ದವರೂ ಅವರೇ. ಅದು ಎಣ್ಣೆ. ದೇವರು ಹೆಚ್ಚಿಸಿದ್ದು ಹೊರಗಿನಿಂದ ತಂದ ಎಣ್ಣೆಯನ್ನಲ್ಲ, ಆ ಮನೆಯಲ್ಲಿ ಇದ್ದ ಎಣ್ಣೆಯನ್ನೇ.

3. ನೆರೆಯವರು ಕೊಟ್ಟದ್ದು ಖಾಲಿ ಪಾತ್ರೆ

ಮೂರನೇ ವಚನ. ನೆರೆಯವರೆಲ್ಲರ ಹತ್ತಿರ ಖಾಲಿ ಪಾತ್ರೆ ಕೇಳಿ ತಾ, ಅದೂ ಸ್ವಲ್ಪವಲ್ಲ ಅಂತ ಹೇಳ್ತಾನೆ. ಗಮನಿಸಿದಿರಾ? ನೆರೆಯವರ ಹತ್ತಿರ ಹಣ ಕೇಳಲಿಲ್ಲ. ಆ ಸಾಲವನ್ನು ತೀರಿಸುವಷ್ಟು ಶಕ್ತಿ ಅವರಿಗೂ ಇರಲಿಲ್ಲವೇನೋ. ಕೊಟ್ಟದ್ದು ಖಾಲಿ ಪಾತ್ರೆ, ಅದೂ ಎರವಲು. ಅಷ್ಟೇ. ಆದರೆ ಅಷ್ಟು ಜನ ಕೊಡದಿದ್ದರೆ ಎಣ್ಣೆ ಎಲ್ಲಿ ನಿಲ್ಲುತ್ತಿತ್ತು? ಪಾತ್ರೆ ಮುಗಿದಾಗ ಎಣ್ಣೆಯೂ ನಿಂತಿತು ಅಂತ ಆರನೇ ವಚನ ಹೇಳುತ್ತೆ.

ನೀವು ಹೇಳ್ತೀರಿ: ಬ್ರದರ್, ನಾನು ಪಿಜಿಯಲ್ಲಿ ಇದ್ದೀನಿ, ಇಎಂಐ ಇದೆ, ನಾನೇನು ಕೊಡಲಿ? ನಿಮ್ಮ ಖಾಲಿ ಪಾತ್ರೆ ಕೊಡಿ. ವಾರದಲ್ಲಿ ಎರಡು ಸಂಜೆ ಖಾಲಿ ಇದೆಯಾ? ಅದು ಪಾತ್ರೆ. ಇಂಗ್ಲಿಷ್ ಅರ್ಜಿ ತುಂಬೋಕೆ ಬರುತ್ತಾ? ಪಾತ್ರೆ. ಸ್ಕೂಟರ್ ಇದೆ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಚೀಟಿ ಮಾಡಿಸ್ತೀರಾ? ಪಾತ್ರೆ. ಗಣಿತ ಬರುತ್ತಾ? ದೊಡ್ಡ ಪಾತ್ರೆ!

ಸರ್ಕಾರದ ಸೌಲಭ್ಯಗಳ ವಿಷಯದಲ್ಲೂ ಹಾಗೇ. ಮಿಷನ್ ವಾತ್ಸಲ್ಯ ಅನ್ನುವ ಯೋಜನೆ ಇದೆ. ವಿಧವೆ, ಗಂಡ ಬಿಟ್ಟುಹೋದ ತಾಯಿ, ದುಡಿಯಲಾಗದ ಕಾಯಿಲೆಯಲ್ಲಿರುವ ತಂದೆತಾಯಿ, ಇಂಥವರ ಮಕ್ಕಳು ಮನೆಯಲ್ಲೇ ಬೆಳೆಯಲಿ ಅಂತ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಡುತ್ತಾರೆ. ಕುಟುಂಬದ ಆದಾಯಕ್ಕೆ ಮಿತಿ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು. ಎಷ್ಟೋ ತಾಯಂದಿರಿಗೆ ಇದು ಇದೆ ಅಂತಲೇ ಗೊತ್ತಿಲ್ಲ. ಗೊತ್ತಿದ್ದರೂ ಒಂದು ದಿನದ ಕೂಲಿ ಬಿಟ್ಟು ಆಫೀಸಿಗೆ ಅಲೆಯೋಕೆ ಆಗಲ್ಲ. ನೀವು ಜೊತೆಗೆ ಹೋದರೆ ಅದೂ ಸೇವೆಯೇ. ಮೈಕ್ ಹಿಡಿಯೋದು ಮಾತ್ರ ಸೇವೆ ಅಲ್ಲ.

4. ಬಾಗಿಲು ಮುಚ್ಚಿಕೋ

ನಾಲ್ಕನೇ ವಚನ ನನಗೆ ತುಂಬಾ ಇಷ್ಟ. ಅದ್ಭುತ ನಡೆದದ್ದು ಮುಚ್ಚಿದ ಬಾಗಿಲ ಹಿಂದೆ. ಪಾತ್ರೆ ಕೊಟ್ಟ ನೆರೆಯವರು ಒಳಗೆ ಬಂದು ನಿಂತು ನೋಡಲಿಲ್ಲ. ಎಲೀಷನೂ ಒಳಗಿರಲಿಲ್ಲ. ಇವತ್ತಾಗಿದ್ದರೆ ಒಬ್ಬರು ರೀಲ್ಸ್ ಮಾಡಿರ್ತಿದ್ದರು.

ನಗಬೇಡಿ, ಇದು ನಮ್ಮ ವಿಷಯವೇ. ಗುಂಪಿನಲ್ಲಿ ಪ್ರಾರ್ಥನಾ ವಿನಂತಿ ಅಂತ ಹಾಕ್ತೀವಿ: ಇಂಥ ಸಿಸ್ಟರ್ ಗಂಡ ಕುಡಿದು ಗಲಾಟೆ ಮಾಡ್ತಿದ್ದಾರೆ, ದಯವಿಟ್ಟು ಪ್ರಾರ್ಥಿಸಿ. ಅಷ್ಟು ಜನರ ಫೋನಿಗೆ ಆ ಮನೆಯ ಮಾನ ಹೋಯಿತು. ಮುಂದಿನ ಭಾನುವಾರ ಅವರ ಮಗಳು ಸಂಡೇ ಸ್ಕೂಲಿಗೆ ಬರಲ್ಲ, ನಾವು ಯಾಕೆ ಬಂದಿಲ್ಲ ಅಂತ ಮತ್ತೆ ಪ್ರಾರ್ಥಿಸ್ತೀವಿ! ರೇಷನ್ ಕಿಟ್ ಕೊಡುವಾಗ ಫೋಟೋ ಬೇಡ. ಹೆಸರು ಬೇಡ. ಸಹಾಯಕ್ಕೆ ಷರತ್ತೂ ಬೇಡ. ನೆರೆಯ ಮನೆಯವರು ಬೇರೆ ಧರ್ಮದವರಾಗಿದ್ದರೆ, ನಮ್ಮ ಸಭೆಗೆ ಬಂದರೆ ಮಾತ್ರ ಟ್ಯೂಷನ್ ಅಂತ ಹೇಳುವುದು ಕ್ರಿಸ್ತನ ಪ್ರೀತಿ ಅಲ್ಲ, ವ್ಯಾಪಾರ.

5. ಎಣ್ಣೆ ಸುರಿದವಳು ಅಮ್ಮ, ಪಾತ್ರೆ ತಂದವರು ಮಕ್ಕಳು

ಐದನೇ ವಚನ. ಮಕ್ಕಳು ಪಾತ್ರೆ ತಂದುಕೊಡ್ತಾರೆ, ತಾಯಿ ಹೊಯ್ಯುತ್ತಾಳೆ. ಪ್ರವಾದಿ ಬಂದು ಹೊಯ್ದು, ನೋಡಿ ಮಕ್ಕಳೇ ನಿಮ್ಮಮ್ಮನಿಂದ ಆಗದ್ದನ್ನು ನಾನು ಮಾಡಿದೆ ಅನ್ನಲಿಲ್ಲ. ಮಕ್ಕಳ ಕಣ್ಣಲ್ಲಿ ದೊಡ್ಡವಳಾದದ್ದು ಅಮ್ಮ.

ನಮಗೆ ಯೌವನಸ್ಥರಿಗೆ ಇಲ್ಲಿ ಒಂದು ಪರೀಕ್ಷೆ ಇದೆ. ಮಗುವಿಗೆ ಚಾಕ್ಲೇಟ್, ಬಟ್ಟೆ, ಕೇಕ್ ಎಲ್ಲಾ ಕೊಟ್ಟು ನಾವು ಹೀರೋ ಆಗ್ತೀವಿ. ಕೊನೆಗೆ ಮಗು, ನಮ್ಮಮ್ಮನಿಗಿಂತ ಅಂಕಲ್ ಒಳ್ಳೆಯವರು ಅನ್ನುತ್ತೆ. ಹಾಗೆ ಆದರೆ ನಾವು ಸೋತೆವು. ಕೊಡುವುದಿದ್ದರೆ ಅಮ್ಮನ ಕೈಗೆ ಕೊಡಿ, ಅಮ್ಮನೇ ಮಗುವಿಗೆ ಕೊಡಲಿ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತೆ ಅಂತ ನನಗೆ ಆಮೇಲೆ ಗೊತ್ತಾಯಿತು. 2015ರ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲಿ, ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಎಲ್ಲಾ ದಾರಿ ಮುಗಿದ ಮೇಲಿನ ಕೊನೆಯ ದಾರಿ ಅಂತ ಇದೆ. ನಾನು ಕೊನೆಯ ದಾರಿಯನ್ನು ಐದನೇ ನಿಮಿಷದಲ್ಲೇ ಹಿಡಿದಿದ್ದೆ.

ಅಮೆರಿಕದ ಶಿಕಾಗೋದಲ್ಲಿ 2003ರಲ್ಲಿ ಸೇಫ್ ಫ್ಯಾಮಿಲೀಸ್ ಫಾರ್ ಚಿಲ್ಡ್ರನ್ ಅನ್ನುವ ಕೆಲಸ ಸಭೆಗಳ ಮೂಲಕವೇ ಶುರುವಾಯಿತು. ತಾಯಿ ಆಸ್ಪತ್ರೆಯಲ್ಲಿದ್ದರೆ, ಮನೆ ಕಳೆದುಕೊಂಡಿದ್ದರೆ, ಸಭೆಯ ಒಂದು ಕುಟುಂಬ ಆ ಮಗುವನ್ನು ಕೆಲವು ದಿನ ನೋಡಿಕೊಳ್ಳುತ್ತೆ. ಮಗುವಿನ ಮೇಲಿನ ಹಕ್ಕು ತಂದೆತಾಯಿಯದ್ದೇ. ಗುರಿ, ಮಗು ಮನೆಗೆ ವಾಪಸ್ ಹೋಗುವುದು. ನಮ್ಮಲ್ಲಿ ಕಾನೂನು ಬೇರೆ. ಬೇರೆಯವರ ಮಗುವನ್ನು ಪೋಷಕ ಕುಟುಂಬದಲ್ಲಿ ಇಡಬೇಕಾದರೆ ಅದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮೂಲಕವೇ ಆಗಬೇಕು. ಹಾಗಾಗಿ ಅವರದ್ದನ್ನು ಹಾಗೇ ನಕಲು ಮಾಡೋಕೆ ಆಗಲ್ಲ. ಆದರೆ ಅವರ ಆ ಗುರಿಯನ್ನು ನಾವೂ ಇಟ್ಟುಕೊಳ್ಳಬಹುದು.

6. ಎಣ್ಣೆ ಬಂದ ಮೇಲೂ ಮಾತು ಮುಗಿಯಲಿಲ್ಲ

ಏಳನೇ ವಚನ. ಆಕೆ ವಾಪಸ್ ಬಂದು ಎಲೀಷನಿಗೆ ತಿಳಿಸ್ತಾಳೆ. ಅವನು ಮುಂದಿನ ಹೆಜ್ಜೆ ಹೇಳ್ತಾನೆ: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವನ ಮಾಡಿ. ಅದ್ಭುತ ಆದ ಮೇಲೂ ಯೋಜನೆ ಬೇಕು, ಜೊತೆಗೆ ನಡೆಯುವವರು ಬೇಕು. ಒಂದು ಉಪವಾಸ ಕೂಟದಲ್ಲಿ ಅಪ್ಪನ ಕುಡಿತ ಬಿಟ್ಟುಹೋಗಬಹುದು, ನಾನು ನಂಬ್ತೀನಿ, ನೋಡಿದ್ದೀನಿ. ಆದರೆ ಬಿಡದೇ ಇದ್ದವರನ್ನೂ ನೋಡಿದ್ದೀನಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗ ಇದೆ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ. ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸ ಅಲ್ಲ. ಲೂಕನೂ ವೈದ್ಯನೇ.

ಈಗ ಬೆತ್ತದ ವಿಷಯ

ಪ್ರತಿ ಸಾರಿ ಈ ಪ್ರಶ್ನೆ ಬರುತ್ತೆ: ಬ್ರದರ್, ಜ್ಞಾನೋಕ್ತಿಯಲ್ಲಿ ಬೆತ್ತದ ಬಗ್ಗೆ ಇದೆಯಲ್ಲಾ? ಇದೆ. ಆದರೆ 23ನೇ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿಯೂ ಕೋಲು ಇದೆ, ಅದನ್ನು ನೋಡಿ ಕುರಿಗೆ ಧೈರ್ಯ ಬರುತ್ತೆ, ಭಯ ಅಲ್ಲ. ನಿಮ್ಮ ಕೈ ನೋಡಿ ನಿಮ್ಮ ಮಗುವಿಗೆ ಧೈರ್ಯ ಬರುತ್ತಾ? ಶಿಸ್ತು ಬೇಕು. ಕೋಪದ ಏಟು ಶಿಸ್ತಲ್ಲ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನು ಮಕ್ಕಳಿಗೆ ಹೇಳಿದ ಕೂಡಲೇ ತಂದೆಗಳ ಕಡೆ ತಿರುಗಿ, ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅಂತ ಎಚ್ಚರಿಸ್ತಾನೆ.

ಹಾಗಾದರೆ ಏನು ಮಾಡಬೇಕು? ಬಡ ಕುಟುಂಬಗಳಿಗಾಗಿ ಪೇರೆಂಟಿಂಗ್ ಫಾರ್ ಲೈಫ್‌ಲಾಂಗ್ ಹೆಲ್ತ್ ಅನ್ನುವ ತರಬೇತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಇದರಲ್ಲಿ ಸೇರಿವೆ. ದಕ್ಷಿಣ ಆಫ್ರಿಕಾದಲ್ಲಿ ಮೊದಲು ಮಾಡಿ ನೋಡಿದರು. ಅವರು ಹೊಡೆಯಬೇಡಿ ಅನ್ನುವುದರಿಂದ ಪಾಠ ಶುರು ಮಾಡಲ್ಲ. ಮೊದಲು, ದಿನಕ್ಕೆ ಸ್ವಲ್ಪ ಹೊತ್ತು ಒಂದು ಮಗುವಿನ ಜೊತೆ ಮಾತ್ರ ಕೂತು ಅದು ಇಷ್ಟಪಟ್ಟ ಆಟ ಆಡಿ ಅಂತಾರೆ. ಆಮೇಲೆ, ಒಳ್ಳೆಯದು ಮಾಡಿದಾಗ ಬಾಯಿಬಿಟ್ಟು ಹೊಗಳಿ. ಬೇಡ ಅನ್ನುವುದರ ಬದಲು ಏನು ಬೇಕು ಅಂತ ಹೇಳಿ, ಓಡಬೇಡ ಅನ್ನುವ ಬದಲು ನಿಧಾನವಾಗಿ ನಡಿ ಅನ್ನಿ. ಕೋಪ ಬಂದರೆ ಒಂದು ಕ್ಷಣ ನಿಲ್ಲಿ, ಉಸಿರು ತಗೊಳ್ಳಿ. ಸಣ್ಣ ವಿಷಯ ಅನ್ನಿಸುತ್ತೆ ಅಲ್ವಾ? ನನ್ನ ಮಗಳ ಜೊತೆ ಒಂದು ವಾರ ಪ್ರಯತ್ನ ಮಾಡಿದೆ. ಫೋನ್ ಬೇರೆ ರೂಮಿನಲ್ಲಿ ಇಟ್ಟು ಹತ್ತು ನಿಮಿಷ ನೆಲದ ಮೇಲೆ ಕೂರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ದಾಟಬಾರದ ಗೆರೆಗಳು

ಇದನ್ನು ಗಂಭೀರವಾಗಿ ಕೇಳಿ. ಒಂದು: ನಾವೇ ಒಂದು ಅನಾಥಾಶ್ರಮ ಶುರು ಮಾಡೋಣ ಅಂತ ಹುಮ್ಮಸ್ಸಿನಲ್ಲಿ ಹೊರಡಬೇಡಿ. ನೋಂದಣಿ ಇಲ್ಲದೆ ಪಾಲನಾ ಸಂಸ್ಥೆ ನಡೆಸುವುದು ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ.

ಎರಡು: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, ಆಗಬಹುದು ಅನ್ನುವ ಅನುಮಾನ ಇದ್ದರೂ, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೇ ಇರುವುದೂ ಅಪರಾಧ. ಸಭೆಯ ಹೆಸರು ಹಾಳಾಗುತ್ತೆ, ಹಿರಿಯರು ಕೂತು ಸರಿಮಾಡ್ತೀವಿ ಅನ್ನುವ ಮಾತು ಇಲ್ಲಿ ನಡೆಯಲ್ಲ. ಮುಚ್ಚಿದ ಬಾಗಿಲು ತಾಯಿಯ ಮಾನ ಕಾಯುವುದಕ್ಕೆ. ಅಪರಾಧಿಯನ್ನು ಬಚ್ಚಿಡುವುದಕ್ಕೆ ಅಲ್ಲ. ಆ ಅಪರಾಧಿ ನಾನೇ ಆಗಿದ್ದರೂ ಸರಿ, ನೀವು ಫೋನ್ ಮಾಡಬೇಕು. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಇರುತ್ತೆ.

ಮೂರು: ಹೆಂಡತಿಗೆ ಹೊಡೆತ ಬೀಳ್ತಿದ್ದರೆ, ಸಹಿಸಿಕೊಂಡು ಪ್ರಾರ್ಥನೆ ಮಾಡಿ ಸಿಸ್ಟರ್ ಅಂತ ವಾಪಸ್ ಕಳಿಸಬೇಡಿ. ನಾವು ಹಾಗೆ ಕಳಿಸಿದ್ದೇವೆ. ಅದಕ್ಕಾಗಿ ದೇವರ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ನಾಲ್ಕು: ಯಾರೇ ಆಗಲಿ, ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಯಾವಾಗಲೂ ಇಬ್ಬರು ದೊಡ್ಡವರು, ತೆರೆದ ಬಾಗಿಲು.

ನಾವು ಶುರು ಮಾಡುವುದು

ನಾಳೆಯಿಂದ ದೊಡ್ಡದೇನೂ ಮಾಡಲ್ಲ. ಸೋಮವಾರದಿಂದ ಶುಕ್ರವಾರ, ಸಂಜೆ ನಾಲ್ಕರಿಂದ ಏಳು, ಈ ಹಾಲ್ ತೆರೆದಿರುತ್ತೆ. ಮಕ್ಕಳಿಗೆ ಅವಲಕ್ಕಿಯೋ ಉಪ್ಪಿಟ್ಟೋ ಏನಾದರೂ ತಿಂಡಿ, ಹೋಮ್‌ವರ್ಕ್, ಸ್ವಲ್ಪ ಆಟ. ದಿನಕ್ಕೆ ಇಬ್ಬರು ಬೇಕು, ವಾರಕ್ಕೆ ಹತ್ತು ಜನ. ತಿಂಗಳಿಗೆ ಒಂದು ಶನಿವಾರ ತಂದೆತಾಯಿಗಳು ಕೂತು ಮಾತಾಡುವ ಕೂಟ, ಪ್ರಸಂಗ ಇಲ್ಲ, ಕಾಫಿ ಇದೆ. ಹೆಸರು ಕೊಡುವವರು ಕನಿಷ್ಠ ಆರು ತಿಂಗಳು ಬರ್ತೀನಿ ಅನ್ನುವುದಾದರೆ ಮಾತ್ರ ಕೊಡಿ. ಎರಡು ವಾರ ಬಂದು ಬಿಟ್ಟುಹೋಗುವ ಅಕ್ಕ, ಅಣ್ಣ ಆ ಮಕ್ಕಳಿಗೆ ಬೇಡ. ಬಿಟ್ಟುಹೋದವರನ್ನು ಅವರು ಈಗಾಗಲೇ ಸಾಕಷ್ಟು ನೋಡಿದ್ದಾರೆ.

ಆ ಹುಡುಗನ ವಿಷಯ ಏನಾಯಿತು ಅಂತ ಕೇಳ್ತೀರಿ. ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಮನೆಗೆ ವಾಪಸ್ ಬಂದ. ನಮ್ಮ ಸಭೆಯ ಒಬ್ಬ ಅಜ್ಜಿ, ಹೆಸರು ಹೇಳಿದರೆ ಬೈತಾರೆ, ಶಾಲೆ ಬಿಟ್ಟ ಮೇಲೆ ಅವನೂ ತಂಗಿಯೂ ನನ್ನ ಮನೆಯ ಜಗುಲಿಯಲ್ಲಿ ಇರಲಿ ಅಂದರು. ಇದು ನಡೆದದ್ದು ಅಷ್ಟೇ. ಅಪ್ಪ ಇನ್ನೂ ಕುಡಿಯುತ್ತಾರೆ. ಸಾಲ ಇನ್ನೂ ಪೂರ್ತಿ ತೀರಿಲ್ಲ. ಹುಡುಗ ಈಗಲೂ ಕೆಲವು ಸಾರಿ ಜಗಳ ಮಾಡ್ತಾನೆ. ಆದರೆ ಬ್ಯಾಗ್ ಒಳಗೆ ಇಡ್ತಾನೆ. ಅಮ್ಮ ಏಳಕ್ಕೆ ಬರುವಾಗ ತಂಗಿಯ ಕೈ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರ್ತಾನೆ. ನಾನು ಅವನ ಹತ್ತಿರ ಕ್ಷಮೆ ಕೇಳಿದೆ. ಪರವಾಗಿಲ್ಲ ಅಂಕಲ್ ಅಂದ. ಮಕ್ಕಳು ಬೇಗ ಕ್ಷಮಿಸ್ತಾರೆ, ಅದನ್ನು ನಾವು ಸುಲಭ ಅಂತ ತಿಳಿದುಕೊಳ್ಳಬಾರದು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನಿಮ್ಮ ಬೀದಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆಯನ್ನು ನೆನಪು ಮಾಡಿಕೊಳ್ಳಿ. ಅದು ನಿಮ್ಮದೇ ಮನೆ ಆಗಿದ್ದರೆ, ಕೂಟ ಮುಗಿದ ಮೇಲೆ ನನ್ನ ಹತ್ತಿರವೋ ನನ್ನ ಹೆಂಡತಿಯ ಹತ್ತಿರವೋ ಬನ್ನಿ, ಈ ಸಾರಿ ನಾನು ಮೊದಲು ಕೇಳಿಸಿಕೊಳ್ತೀನಿ.

ಪರಲೋಕದ ತಂದೆಯೇ, ವಿಧವೆಯ ಕೂಗನ್ನು ಕೇಳಿದವರೇ, ನಿಮಗೆ ಸ್ತೋತ್ರ. ನಾವು ಅವಸರದಲ್ಲಿ ಮಾಡಿದ ತಪ್ಪುಗಳನ್ನು ಕ್ಷಮಿಸಿರಿ. ದಣಿದ ತಾಯಂದಿರಿಗೆ ಬಲ ಕೊಡಿರಿ. ದಾರಿತಪ್ಪಿದ ತಂದೆಗಳನ್ನು ಮನೆಗೆ ತಿರುಗಿಸಿರಿ. ನಮ್ಮ ಹತ್ತಿರ ಇರುವ ಖಾಲಿ ಪಾತ್ರೆಗಳನ್ನು ಬಚ್ಚಿಡದೆ ಕೊಡುವ ಮನಸ್ಸನ್ನು ಕೊಡಿರಿ. ಈ ಸಭೆಯಲ್ಲಿರುವ ಒಂದು ಮಗುವೂ, ನಾನೇನು ತಪ್ಪು ಮಾಡಿದೆ ಅಂತ ಬಾಗಿಲ ಹತ್ತಿರ ಕೂತಿರಬಾರದು ಕರ್ತನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.